ಈಳಿಗೆಯ ವಾರಸುದಾರ

ಎರಡು ವರ್ಷದ ಹಿಂದೆ ನಮ್ಮ ಮನೆಯಲ್ಲಿ ಸೊಪ್ಪಿನ ಬಸ್ಸಾರು ನಿಂತುಹೋಯಿತು. ಅದು ನನ್ನ ಗಮನಕ್ಕೆ ಬರಲು ಮೂರು ನಾಲ್ಕು ತಿಂಗಳೇ ಹಿಡಿಯಿತು. ಅಮ್ಮ ಏನೂ ಹೇಳಿರಲಿಲ್ಲ. ಬೇಳೆ ಸಾರು, ಟೊಮೆಟೊ ಗೊಜ್ಜು, ಮಜ್ಜಿಗೆ ಎಂದು ದಿನಗಳು ಸಾಗುತ್ತಿದ್ದವು. ಒಂದು ಭಾನುವಾರ ನಾನೇ ದಂಟು, ಕೀರೆ, ಸಬ್ಬಸಿಗೆ ಮೂರು ಕಂತೆ ಸೊಪ್ಪು ತಂದು ಕಟ್ಟೆಯ ಮೇಲಿಟ್ಟೆ. ಅಮ್ಮ ಅದನ್ನು ಸ್ವಲ್ಪ ಹೊತ್ತು ನೋಡಿ, "ಯಾರು ಹೆಚ್ತಾರೆ ಮಗ ಇದನ್ನ?" ಅಂದಳು.

ಅವಳ ಬಲಗೈ ಹೆಬ್ಬೆರಳ ಬುಡದ ಸಂದು ಸವೆದಿತ್ತು. ಬದುಕಿಡೀ ಹೆಚ್ಚಿ, ಹಿಂಡಿ, ಕಡೆದು, ಒಗೆದ ಕೈಗಳಿಗೆ ಎಪ್ಪತ್ತರ ಆಚೆ ಬರುವ ನೋವು. ಚಾಕು ಹಿಡಿದಾಗ ಭಾರ ಬೀಳುವುದು ಸರಿಯಾಗಿ ಆ ಸಂದಿನ ಮೇಲೆಯೇ. ಹಿಡಿ ಜಾರದಂತೆ ಹೆಬ್ಬೆರಳಿನಿಂದ ಅದುಮಬೇಕು, ಮಣಿಕಟ್ಟು ಬಗ್ಗಿಸಬೇಕು, ಕೆಳಕ್ಕೆ ಒತ್ತಬೇಕು. ಒಂದು ಟೊಮೆಟೊಗೆ ನಾಲ್ಕೈದು ಸಲ ಒತ್ತಿದರೆ ಮುಗಿಯುತ್ತದೆ. ಮೂರು ಕಂತೆ ಸೊಪ್ಪಿಗೆ ನೂರಾರು ಸಲ ಒತ್ತಬೇಕು. ಅಮ್ಮ ಅಡುಗೆ ಬಿಟ್ಟಿರಲಿಲ್ಲ. ಚಾಕುವಿನ ನೋವಿಗೆ ಹೆದರಿ ಅಡುಗೆಯನ್ನೇ ಕಿರಿದು ಮಾಡಿಕೊಂಡಿದ್ದಳು. ದಂಟು ಹೋಯಿತು, ಹುರುಳಿಕಾಯಿ ಪಲ್ಯ ಹೋಯಿತು, ನುಗ್ಗೆಸೊಪ್ಪು ಹೋಯಿತು. ಅವಳ ಕೈಯಲ್ಲಿ ರುಚಿ ಹಾಗೆಯೇ ಇತ್ತು, ಹೆಚ್ಚುವ ಶಕ್ತಿ ಮಾತ್ರ ಇರಲಿಲ್ಲ.

ನಾನು ಮೊದಲು ತಂದದ್ದು ದಾರ ಎಳೆದರೆ ಒಳಗೆ ಅಲಗು ತಿರುಗುವ ಪ್ಲಾಸ್ಟಿಕ್ ಡಬ್ಬಿ. ಅದರಲ್ಲಿ ಸೊಪ್ಪು ಹೆಚ್ಚಿದಂತಾಗದೆ ಜಜ್ಜಿದಂತಾಯಿತು. ಆಮೇಲೆ ತಂದದ್ದು ಒಂದು ಕತ್ತರಿ. ಅಡುಗೆಮನೆಗೆಂದೇ ಮಾಡಿದ್ದು: ಗಿಡ್ಡ ದಪ್ಪ ಅಲಗು, ನಾಲ್ಕೂ ಬೆರಳು ಆರಾಮಾಗಿ ತೂರುವ ದೊಡ್ಡ ಹಿಡಿ, ಅದುಮಿ ಬಿಟ್ಟರೆ ತಾನೇ ತೆರೆದುಕೊಳ್ಳುವ ಸಣ್ಣ ಸ್ಪ್ರಿಂಗು. ಅಮ್ಮ ಅನುಮಾನದಿಂದಲೇ ಕೈಗೆತ್ತಿಕೊಂಡಳು. ಎಡಗೈಯಲ್ಲಿ ದಂಟಿನ ಕಂತೆಯನ್ನು ಪಾತ್ರೆಯ ಮೇಲೆ ಹಿಡಿದು, ಬುಡದಿಂದ ಒಂದೊಂದೇ ಬೆರಳಗಲ ಕತ್ತರಿಸುತ್ತ ಹೋದಳು. ತುಂಡುಗಳು ನೇರ ನೀರಿಗೆ ಬಿದ್ದವು. ಅರ್ಧ ಕಂತೆ ಮುಗಿದಾಗ ಕೈ ನಿಲ್ಲಿಸಿ ಹೇಳಿದಳು: "ಇದು ಈಳಿಗೆ ಮಣೆ ಇದ್ದಂಗೇ ಇದೆಯಲ್ಲೋ."

ನಲವತ್ತು ವರ್ಷ ಈಳಿಗೆ ಮಣೆಯ ಮುಂದೆ ಕೂತವಳ ಮಾತು ಅದು. ಕತ್ತರಿಯನ್ನು ನಾನು ಚಾಕುವಿನ ತಮ್ಮ ಎಂದುಕೊಂಡಿದ್ದೆ. ಅವಳ ಕೈ ಅದನ್ನು ಬೇರೆ ಮನೆತನದ್ದೆಂದು ಗುರುತಿಸಿತು. ಅವಳು ಹೇಳಿದ್ದೇ ಸರಿ ಎಂದು ಈಗ ನನಗೆ ಖಚಿತವಾಗಿದೆ. ನಮ್ಮ ಅಡುಗೆಮನೆಯಲ್ಲಿ ಈಳಿಗೆ ಬಿಟ್ಟುಹೋದ ಜಾಗಕ್ಕೆ ಬರಬೇಕಾಗಿದ್ದದ್ದು ಕತ್ತರಿ, ಬಂದದ್ದು ಚಾಕು. ಆ ತಪ್ಪನ್ನು ನಾವಿನ್ನೂ ಸರಿಪಡಿಸಿಕೊಂಡಿಲ್ಲ.

ಈಳಿಗೆ ಮಣೆ ಕೆಲಸ ಮಾಡುವ ಬಗೆಯನ್ನು ನೆನಪಿಸಿಕೊಳ್ಳಿ. ಮರದ ಮಣೆ, ಅದರ ತುದಿಯಿಂದ ಮೇಲೆದ್ದು ಕೊಕ್ಕರೆಯ ಕತ್ತಿನಂತೆ ಬಾಗಿದ ಕಬ್ಬಿಣದ ಅಲಗು, ಅಲಗಿನ ನೆತ್ತಿಯಲ್ಲಿ ಕಾಯಿ ತುರಿಯುವ ಹಲ್ಲು. ಹೆಚ್ಚುವವಳು ನೆಲದ ಮೇಲೆ ಕೂತು ಒಂದು ಕಾಲಿನಿಂದ ಮಣೆಯನ್ನು ಮೆಟ್ಟಿ ಹಿಡಿಯುತ್ತಾಳೆ. ಕರಾವಳಿ, ಮಲೆನಾಡಿನ ಕೆಲವು ಕಡೆ ಇದಕ್ಕೆ ಮೆಟ್ಟುಕತ್ತಿ ಎಂದೇ ಹೆಸರು. ತೆಲುಗರಿಗೆ ಕತ್ತಿಪೀಟ, ತಮಿಳರಿಗೆ ಅರಿವಾಳ್‌ಮನೆ, ಮರಾಠಿಯವರಿಗೆ ವಿಳಿ, ಬಂಗಾಳಿಗಳಿಗೆ ಬೊಂಟಿ. ನೆಲದ ಮೇಲೆ ಕೂತು ಅಡುಗೆ ಮಾಡಿದ ಇಷ್ಟು ಜನರಿಗೂ ಹೊಳೆದದ್ದು ಒಂದೇ ಉಪಾಯ: ಅಲಗನ್ನು ಕಾಲಿಗೆ ಒಪ್ಪಿಸಿ, ಎರಡೂ ಕೈಗಳನ್ನು ತರಕಾರಿಗೆ ಬಿಟ್ಟುಕೊಡುವುದು.

ಇದರ ಲಾಭ ದೊಡ್ಡದು. ತರಕಾರಿ ಎರಡು ಕೈಗಳ ಹಿಡಿತದಲ್ಲಿರುತ್ತದೆ; ಯಾವ ಕಡೆ ಬೇಕೋ ಹಾಗೆ ತಿರುಗಿಸಬಹುದು. ತುಂಡು ಗಾಳಿಯಲ್ಲೇ ಬೇರ್ಪಟ್ಟು ಕೆಳಗಿನ ಪಾತ್ರೆಗೆ ಬೀಳುತ್ತದೆ. ಬದನೆಕಾಯಿಯ ಹೋಳು ಕಪ್ಪಾಗುವ ಮೊದಲೇ ನೀರಿನಲ್ಲಿರುತ್ತದೆ. ಎಣ್ಣೆಗಾಯಿಗೆ ತೊಟ್ಟು ಬಿಡದೆ ನಾಲ್ಕು ಸೀಳು ಹಾಕಬೇಕೆಂದರೆ ಕಾಯನ್ನು ಅಲಗಿಗೆ ಎಷ್ಟು ಒತ್ತಬೇಕೋ ಅಷ್ಟೇ ಒತ್ತಿ ನಿಲ್ಲಿಸಿದರಾಯಿತು. ಹೆಚ್ಚುವುದಕ್ಕೆ ಹಲಗೆ ಬೇಡ.

ಚಾಕುವಿಗೆ ಹಲಗೆ ಬೇಕೇ ಬೇಕು. ತರಕಾರಿ ಹಲಗೆಯ ಮೇಲೆ ಕೂರಬೇಕು, ಒಂದು ಕೈ ಅದನ್ನು ಅದುಮಿ ಹಿಡಿಯಬೇಕು, ಇನ್ನೊಂದು ಕೈ ಅಲಗನ್ನು ಇಳಿಸಬೇಕು, ಇಳಿಯುವ ಅಲಗಿನ ದಾರಿಯಲ್ಲೇ ಬೆರಳುಗಳಿರಬೇಕು. ಹೆಚ್ಚಿದ್ದನ್ನು ಮತ್ತೆ ಬಳಿದು ಪಾತ್ರೆಗೆ ಸುರಿಯಬೇಕು, ಕೊನೆಗೆ ಹಲಗೆಯನ್ನೂ ತೊಳೆಯಬೇಕು. ನಮ್ಮ ಎಷ್ಟೋ ಮನೆಗಳಲ್ಲಿ ಈಗಲೂ ಹೆಂಗಸರು ಹಲಗೆ ಬಿಟ್ಟು, ಅಂಗೈಯಲ್ಲೇ ಹುರುಳಿಕಾಯಿ ಹಿಡಿದು, ಹೆಬ್ಬೆರಳಿನತ್ತ ಚಾಕು ಎಳೆದು ಹೆಚ್ಚುತ್ತಾರೆ. ಅದು ಕೆಟ್ಟ ಅಭ್ಯಾಸವೆಂದು ಅಡುಗೆ ಕಲಿಸುವವರು ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಆ ಕೈಗಳು ಈಳಿಗೆಯನ್ನು ಮರೆತಿಲ್ಲ, ಅಷ್ಟೇ. ಗಾಳಿಯಲ್ಲೇ ಹೆಚ್ಚಿ ನೇರ ಪಾತ್ರೆಗೆ ಬೀಳಿಸುವುದನ್ನು ಚಾಕುವಿನಿಂದ ಮಾಡಿಸಲು ನೋಡುತ್ತಿವೆ. ಹೆಬ್ಬೆರಳ ಮೇಲಿನ ಕಪ್ಪು ಗೀರುಗಳು ಅದಕ್ಕೆ ತೆತ್ತ ಬೆಲೆ.

ಈಳಿಗೆ ಹೋದದ್ದು ಅದರ ದೋಷದಿಂದಲ್ಲ, ನಾವು ಎದ್ದು ನಿಂತದ್ದರಿಂದ. ಇಂಡೇನ್ ಸಿಲಿಂಡರ್ 1965ರಲ್ಲಿ ಮೊದಲು ಕೋಲ್ಕತ್ತದ ಮನೆಗಳನ್ನು ಸೇರಿತು. ನಮ್ಮ ಹಾಸನದ ಕಡೆಯ ಹಳ್ಳಿಗಳಿಗೆ ಗ್ಯಾಸ್ ಬರುವಷ್ಟರಲ್ಲಿ ಎಷ್ಟೋ ವರ್ಷ ಕಳೆದಿತ್ತು. ಒಲೆ ನೆಲದಿಂದ ಕಟ್ಟೆ ಏರಿತು, ಒಲೆಯ ಹಿಂದೆ ಅಡುಗೆಯವಳೂ ಎದ್ದಳು. ರುಬ್ಬುವ ಕಲ್ಲಿನ ಜಾಗಕ್ಕೆ ಮಿಕ್ಸಿ ಬಂತು. ಈಳಿಗೆಯನ್ನು ಮಾತ್ರ ಕಟ್ಟೆಯ ಮೇಲಿಟ್ಟರೆ ಮೆಟ್ಟಲು ಕಾಲಿಲ್ಲ. ನಿಂತು ಕೆಲಸ ಮಾಡುವವರಿಗೆ ಬೇಕಾಗಿದ್ದದ್ದು ಕಾಲಿನ ಹಂಗಿಲ್ಲದ, ಹಲಗೆಯ ಹಂಗೂ ಇಲ್ಲದ ಒಂದು ಈಳಿಗೆ. ಕತ್ತರಿಯಲ್ಲಿ ಅಲಗು ಎರಡು. ಒಂದು ಇನ್ನೊಂದಕ್ಕೆ ತಾನೇ ಹಲಗೆಯಾಗುತ್ತದೆ.

ಹಾಗಿದ್ದೂ ಕತ್ತರಿ ನಮ್ಮ ಅಡುಗೆಮನೆಯ ಹೊಸ್ತಿಲಾಚೆಯೇ ಏಕೆ ಉಳಿಯಿತು? ಹೊಸ ವಸ್ತು ಎಂದಲ್ಲ. ಒಂದೇ ಕಂಚಿನ ಪಟ್ಟಿಯನ್ನು ಬಾಗಿಸಿ ಮಾಡಿದ ಸ್ಪ್ರಿಂಗು ಕತ್ತರಿಗಳು ಮೂರು ಸಾವಿರ ವರ್ಷಕ್ಕೂ ಹಿಂದೆಯೇ ಮೆಸೊಪೊಟೇಮಿಯ, ಈಜಿಪ್ಟ್‌ಗಳಲ್ಲಿದ್ದವು. ನಡುವೆ ತಿರುಗುಮೊಳೆಯಿರುವ ಬಗೆಯನ್ನು ರೋಮನ್ನರು ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ಬಳಸುತ್ತಿದ್ದರು. ನಮ್ಮಲ್ಲೂ ಎಲೆಯಡಿಕೆ ತಟ್ಟೆಯಲ್ಲಿ ಅಡಕತ್ತರಿ ತಲೆಮಾರುಗಳಿಂದ ಮಲಗಿತ್ತು. ಗಿಣಿಯ ಆಕಾರದ್ದು, ಕುದುರೆಯ ಮುಖದ್ದು, ಹಿತ್ತಾಳೆಯದ್ದು, ಕಬ್ಬಿಣದ್ದು. ಎರಡು ತೋಳು, ಒಂದು ಮೊಳೆ, ಸನ್ನೆಗೋಲಿನ ಬಲ. ಕಲ್ಲಿನಂಥ ಅಡಕೆಯನ್ನು ಅಜ್ಜಿಯ ಸುಕ್ಕುಗಟ್ಟಿದ ಕೈಯೂ ಎರಡು ಹೋಳು ಮಾಡುತ್ತಿತ್ತು. ಅಡಕೆಗೆ ಕತ್ತರಿ ಒಪ್ಪಿದ ಮನೆಯಲ್ಲಿ ಸೊಪ್ಪಿಗೆ ಕತ್ತರಿ ಬರಲಿಲ್ಲ.

ಒಂದು ಕಾರಣ, ಕತ್ತರಿಗೆ ಆಗಲೇ ಒಡೆಯರಿದ್ದರು. ನಮ್ಮ ಚಿಕ್ಕಮ್ಮ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದಳು. ಅವಳ ಕಪ್ಪು ಹಿಡಿಯ ದೊಡ್ಡ ಕತ್ತರಿಯತ್ತ ಯಾರಾದರೂ ಕೈ ಚಾಚಿದರೆ ಮಿಷನ್ನಿನ ಸದ್ದಿನ ನಡುವೆಯೇ "ಮುಟ್ಬೇಡ!" ಎಂಬ ಕೂಗು ಬರುತ್ತಿತ್ತು. ಕಾಗದ ಕತ್ತರಿಸಿದರೆ ಬಟ್ಟೆಯ ಕತ್ತರಿಯ ಅಲಗು ಮೊಂಡಾಗುತ್ತದೆ ಎಂಬುದು ಅವಳ ಅನುಭವ, ಅದು ನಿಜವೂ ಹೌದು. ಮನೆಗೊಂದೇ ಕತ್ತರಿ, ಅದು ಹೊಲಿಗೆಯದು. ಅಡುಗೆಗೆ ಅದನ್ನು ಕೇಳುವಂತಿರಲಿಲ್ಲ, ಬೇರೊಂದು ಕೊಳ್ಳುವ ಯೋಚನೆ ಯಾರಿಗೂ ಬರಲಿಲ್ಲ.

ಇನ್ನೊಂದು ಕಾರಣ ಕತ್ತರಿಗೆ ಅಂಟಿದ ಕೆಟ್ಟ ಹೆಸರು. ಬರಿಗತ್ತರಿ ಆಡಿಸಿದರೆ ಮನೆಯಲ್ಲಿ ಜಗಳ, ಕೈಯಿಂದ ಕೈಗೆ ಕೊಟ್ಟರೆ ಸಂಬಂಧ ಹರಿಯುತ್ತದೆ. ದರ್ಜಿ ಸೂಜಿಯನ್ನು ಟೋಪಿಗೆ ಸಿಕ್ಕಿಸಿಕೊಳ್ಳುತ್ತಾನೆ, ಕತ್ತರಿಯನ್ನು ಕಾಲ ಬಳಿ ಇಡುತ್ತಾನೆ. ಒಂದು ಕೂಡಿಸುತ್ತದೆ, ಒಂದು ತುಂಡರಿಸುತ್ತದೆ ಎಂಬ ಕತೆಯನ್ನು ಭಾಷಣಗಳಲ್ಲಿ ಎಷ್ಟು ಸಲ ಕೇಳಿದ್ದೇವೆ. ನನಗೆ ಈ ಕತೆ ಎಂದೂ ಒಪ್ಪಿಗೆಯಾಗಿಲ್ಲ. ಕತ್ತರಿಸದ ಬಟ್ಟೆಯಲ್ಲಿ ಸೂಜಿ ಹೊಲಿಯುವುದಾದರೂ ಏನನ್ನು? ಅಡುಗೆಯೂ ಹಾಗೆಯೇ: ಹೆಚ್ಚುವುದು ಮೊದಲು, ಬೇಯುವುದು ಆಮೇಲೆ. ಬರಿಗತ್ತರಿ ಆಡಿಸಬೇಡ, ಕೈಗೆ ನೇರ ಕೊಡಬೇಡ ಎಂಬ ಮಾತುಗಳ ಒಳಗೆ ಒಂದು ವಿವೇಕವಂತೂ ಇದೆ. ನಡುವೆ ಏನೂ ಇಲ್ಲದೆ ಅಲಗುಗಳು ಉಜ್ಜಿಕೊಂಡರೆ ಹರಿತ ಸವೆಯುತ್ತದೆ; ಮೊನೆ ಮುಂದೆ ಮಾಡಿ ಕೊಟ್ಟರೆ ಪಡೆಯುವವರ ಕೈಗೆ ಚುಚ್ಚುತ್ತದೆ. ಆ ವಿವೇಕವನ್ನು ಉಳಿಸಿಕೊಂಡು ಭಯವನ್ನು ಬಿಡಬಹುದು.

ಬೇರೆ ಕಡೆ ಹೀಗಾಗಲಿಲ್ಲ. ನಮ್ಮಂತೆಯೇ ನೆಲದ ಮೇಲೆ ಕೂತು ಉಂಡ ಕೊರಿಯಾದವರ ಊಟದ ಮೇಜಿನ ಮೇಲೇ ಇವತ್ತು ಕತ್ತರಿ ಮತ್ತು ಇಕ್ಕಳ ಇರುತ್ತವೆ. ಎದುರಿಗೇ ಸುಡುವ ಮಾಂಸದ ಪಟ್ಟಿಯನ್ನು ಇಕ್ಕಳದಲ್ಲಿ ಎತ್ತಿ ಕತ್ತರಿಯಿಂದ ತುತ್ತು ತುತ್ತಾಗಿ ತುಂಡರಿಸುತ್ತಾರೆ. ತಣ್ಣನೆಯ ಸಾರಿನಲ್ಲಿ ಬರುವ ಉದ್ದನೆಯ ಶ್ಯಾವಿಗೆಯನ್ನು ಬಡಿಸುವವರೇ ಬಟ್ಟಲಿಗೆ ಕತ್ತರಿ ಇಳಿಸಿ ಗಿಡ್ಡ ಮಾಡಿಕೊಡುತ್ತಾರೆ. ಅಲ್ಲಿ ಅದನ್ನು ಯಾರೂ ಹೊಲಿಗೆಯ ಸಾಮಾನು ಎನ್ನುವುದಿಲ್ಲ. ರೋಮ್ ನಗರದಲ್ಲಿ ತೂಕದ ಲೆಕ್ಕದಲ್ಲಿ ಮಾರುವ ಪಿಟ್ಜಾವನ್ನು ಅಂಗಡಿಯವರು ಕತ್ತರಿಯಲ್ಲೇ ಕತ್ತರಿಸಿ ಕೊಡುತ್ತಾರೆ.

ಈಗ ಮನೆಯ ಮಾತಿಗೆ ಬರುತ್ತೇನೆ. ಈ ಎರಡು ವರ್ಷಗಳಲ್ಲಿ ನಾನು ಕಂಡದ್ದರಲ್ಲಿ ಮೊದಲು ಹೇಳಬೇಕಾದದ್ದು ಒಣಮೆಣಸಿನಕಾಯಿ. ಸಾರಿನ ಪುಡಿಗೆ ಒಂದು ಕೆಜಿ ಬ್ಯಾಡಗಿ, ಕಾಲು ಕೆಜಿ ಗುಂಟೂರು ಬಿಡಿಸಿದವರಿಗೆ ಕೈ ಉರಿ ಎಂದರೇನೆಂದು ಗೊತ್ತು. ಖಾರದ ಅಂಶ ನೀರಿನಲ್ಲಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ. ಅದಕ್ಕೇ ನಾಲ್ಕು ಸಲ ಕೈ ತೊಳೆದ ಮೇಲೂ ಕಣ್ಣೊರೆಸಿಕೊಂಡರೆ ಉರಿ ಏಳುತ್ತದೆ. ಕತ್ತರಿಯಲ್ಲಾದರೆ ತೊಟ್ಟಿನ ತುದಿ ಹಿಡಿದು ಮೆಣಸಿನಕಾಯಿಯನ್ನು ಮೊರದ ಮೇಲೆ ತುಂಡರಿಸುತ್ತ ಬಂದು, ಕೊನೆಗೆ ತೊಟ್ಟನ್ನು ಪಕ್ಕಕ್ಕೆ ಹಾಕಿದರಾಯಿತು. ಬೀಜ ಮೊರದಲ್ಲಿ ಉದುರುತ್ತದೆ, ಬೇಡವೆಂದರೆ ಕೇರಿ ತೆಗೆಯಬಹುದು. ತುಂಡು ಮಾಡಿದ ಮೆಣಸು ಬಾಣಲೆಯಲ್ಲಿ ಒಂದೇ ಹದದಲ್ಲಿ ಹುರಿಯುತ್ತದೆ. ಚಾಕುವಿಗೆ ಈ ಕೆಲಸ ಆಗುವುದೇ ಇಲ್ಲ; ಒಣಗಿದ ಹಗುರ ಸಿಪ್ಪೆ ಹಲಗೆಯ ಮೇಲೆ ಜಾರಿ ಹಾರುತ್ತದೆ.

ಅಂಟುವ ವಸ್ತುಗಳೂ ಹಾಗೆಯೇ. ಖರ್ಜೂರ, ಒಣ ಅಂಜೂರಗಳನ್ನು ಚಾಕುವಿನಿಂದ ಹೆಚ್ಚಿದರೆ ಒಂದು ತುಂಡು ಅಲಗಿಗೆ, ಒಂದು ಬೆರಳಿಗೆ. ಅಲಗಿಗೆ ತುಸು ತುಪ್ಪ ಸವರಿದ ಕತ್ತರಿ ಸಲೀಸಾಗಿ ಕತ್ತರಿಸುತ್ತದೆ. ಹಸಿ ಹಪ್ಪಳವನ್ನು ಕರಿಯುವ ಮೊದಲು ನಾಲ್ಕು ಭಾಗ ಮಾಡುವುದು, ಮೆಂತ್ಯದ ಕಂತೆಯ ಬೇರನ್ನು ದಾರ ಬಿಚ್ಚುವ ಮೊದಲೇ ಒಂದೇ ಸಲಕ್ಕೆ ತೆಗೆಯುವುದು, ಹುರುಳಿಕಾಯಿಯ ಎರಡು ತುದಿ ಚಿವುಟಿ ನಾರು ಎಳೆಯುವುದು, ಬೆಂಡೆಕಾಯಿಯನ್ನು ನೇರ ಬಾಣಲೆಗೇ ಹೆಚ್ಚುವುದು (ಹಲಗೆಗೆ ಲೋಳೆ ಅಂಟುವುದಿಲ್ಲ), ಹಲ್ಲಿಲ್ಲದ ಹಿರಿಯರ ಚಪಾತಿಯನ್ನು ತುತ್ತಾಗಿಸುವುದು, ಬಾಳೆಲೆಯ ಹರಿದ ಅಂಚನ್ನು ನೇರ ಮಾಡುವುದು, ಇವೆಲ್ಲ ಕತ್ತರಿಯ ಕೆಲಸಗಳೇ. ಕೊತ್ತಂಬರಿ ಸೊಪ್ಪನ್ನು ಒಂದು ಲೋಟಕ್ಕೆ ಇಳಿಬಿಟ್ಟು, ಒಳಗೇ ಕತ್ತರಿ ಆಡಿಸಿದರೆ ಕ್ಷಣದಲ್ಲಿ ಸಣ್ಣಗಾಗುತ್ತದೆ. ಅಲಗು ಹರಿತವಾಗಿರಬೇಕು, ಮೊಂಡಾದರೆ ಸೊಪ್ಪು ನಲುಗಿ ಕಪ್ಪಾಗುತ್ತದೆ.

ಮೀನು, ಕೋಳಿ ಮಾಡುವ ಮನೆಗಳಿಗೆ ಇದರ ಬೆಲೆ ಇನ್ನೂ ಹೆಚ್ಚು. ಬಂಗುಡೆ, ಬೂತಾಯಿಯಂಥ ಸಣ್ಣ ಮೀನಿನ ರೆಕ್ಕೆ, ಬಾಲ ತೆಗೆದು ಹೊಟ್ಟೆ ಸೀಳಲು, ಸಿಗಡಿಯ ಬೆನ್ನು ಬಿಡಿಸಿ ಕಪ್ಪು ಎಳೆ ತೆಗೆಯಲು ಇದಕ್ಕಿಂತ ಸುರಕ್ಷಿತವಾದ ಸಾಧನವನ್ನು ನಾನು ಕಂಡಿಲ್ಲ. ಜಾರುವ ಮೀನಿನ ಮೇಲೆ ಚಾಕು ಎಲ್ಲಿಗೆ ಜಾರುತ್ತದೆಂದು ಹೇಳಲಾಗುವುದಿಲ್ಲ. ಕತ್ತರಿಯ ಒಂದು ಅಲಗಿನಲ್ಲಿ ಸಣ್ಣ ಗರಗಸದಂಥ ಹಲ್ಲುಗಳಿದ್ದರೆ ಅವು ಜಾರುವುದನ್ನು ಕಚ್ಚಿ ಹಿಡಿಯುತ್ತವೆ, ಇನ್ನೊಂದು ಅಲಗು ಕತ್ತರಿಸುತ್ತದೆ. ಕೋಳಿಯ ಬೆನ್ನೆಲುಬಿನ ಎರಡೂ ಪಕ್ಕಕ್ಕೆ ಕತ್ತರಿ ಓಡಿಸಿದರೆ ಇಡೀ ಕೋಳಿ ಪುಸ್ತಕದಂತೆ ತೆರೆದುಕೊಳ್ಳುತ್ತದೆ.

ಆದರೆ ನನ್ನ ಪಾಲಿಗೆ ಕತ್ತರಿಯ ಅತಿ ಮುಖ್ಯ ಕೆಲಸ ದಿನಾ ಬೆಳಿಗ್ಗೆ ಐದು ಸೆಕೆಂಡಿನಲ್ಲಿ ಮುಗಿಯುವಂಥದ್ದು, ಹಾಲಿನ ಪ್ಯಾಕೆಟ್ಟಿನದು. ನಮ್ಮ ಬಹುಪಾಲು ಮನೆಗಳಲ್ಲಿ ಪ್ಯಾಕೆಟ್ಟಿನ ಮೂಲೆಯನ್ನು ಪೂರ್ತಿ ಕತ್ತರಿಸಿ ತೆಗೆಯುತ್ತಾರೆ. ಉಗುರಿನಷ್ಟಗಲದ ಆ ತ್ರಿಕೋನ ಸಿಂಕಿನ ಜಾಲರಿಗೆ, ಅಲ್ಲಿಂದ ಚರಂಡಿಗೆ, ಇಲ್ಲವೇ ಹಸಿ ಕಸದ ಜೊತೆ ಗೊಬ್ಬರದ ಗುಂಡಿಗೆ, ಬೀದಿಯ ಹಸುವಿನ ಹೊಟ್ಟೆಗೆ ಹೋಗುತ್ತದೆ. ಖಾಲಿ ಪ್ಯಾಕೆಟ್ಟನ್ನು ತೊಳೆದು ಒಣಗಿಸಿ ಕೊಟ್ಟರೆ ಕೊಳ್ಳುವ ಗುಜರಿಯವರಿದ್ದಾರೆ, ಅದನ್ನು ಕರಗಿಸಿ ಮತ್ತೆ ಬಳಸಬಹುದು. ಆ ಚೂರನ್ನು ಮಾತ್ರ ಯಾರೂ ಹೆಕ್ಕಿ ತೆಗೆಯಲಾರರು. ದಿನಕ್ಕೆ ಎರಡು ಪ್ಯಾಕೆಟ್ ಬಳಸುವ ಮನೆಯಿಂದ ವರ್ಷಕ್ಕೆ 730 ಚೂರು. ಒಂದು ಬೀದಿಯ ನೂರು ಮನೆ ಸೇರಿದರೆ 73,000.

ಮೂಲೆಯನ್ನು ತೆಗೆಯಬೇಕಾಗಿಯೇ ಇಲ್ಲ. ಅಂಚಿನಿಂದ ಒಳಕ್ಕೆ ಒಂದು ಸೀಳು ಹಾಕಿ, ತುದಿಯಲ್ಲಿ ಸ್ವಲ್ಪ ಹಾಗೇ ಉಳಿಸಿದರೆ ಮೂಲೆ ಪ್ಯಾಕೆಟ್ಟಿಗೇ ಜೋತು ಬಿದ್ದಿರುತ್ತದೆ, ಹಾಲು ಸರಾಗವಾಗಿ ಸುರಿಯುತ್ತದೆ. ಹಲ್ಲಿನಿಂದ ಕಚ್ಚಿ ಎಳೆದರೆ ಹೀಗೆ ಆಗುವುದಿಲ್ಲ. ಚಾಕುವಿನಿಂದಲೂ ಕಷ್ಟ, ಪ್ಲಾಸ್ಟಿಕ್ ಮೊದಲು ಎಳೆದುಕೊಂಡು ಆಮೇಲೆ ಒಮ್ಮೆಲೇ ಹರಿಯುತ್ತದೆ, ಹಾಲು ಚಿಮ್ಮುತ್ತದೆ. ಕತ್ತರಿ ಮಾತ್ರ ಕೈ ನಿಂತಲ್ಲಿ ನಿಲ್ಲುತ್ತದೆ. ಎಣ್ಣೆಗಾಯಿಯ ಬದನೆಯನ್ನು ತೊಟ್ಟಿನವರೆಗೆ ಸೀಳಿ ನಿಲ್ಲಿಸುತ್ತಿದ್ದ ಈಳಿಗೆಯ ಗುಣವೇ ಇದು. ಅರ್ಧದಲ್ಲಿ ನಿಲ್ಲಿಸಲು ಬರುವ ಸಾಧನ ಮನೆಯಲ್ಲಿದ್ದರೆ, ಪೂರ್ತಿ ಕತ್ತರಿಸಿ ಬಿಸಾಡುವ ಅಭ್ಯಾಸವನ್ನು ಬಿಡುವುದೂ ಸುಲಭ.

ಕತ್ತರಿಯಿಂದ ಎಲ್ಲವೂ ಆಗುತ್ತದೆ ಎಂದು ನಾನು ಹೇಳುತ್ತಿಲ್ಲ. ಈರುಳ್ಳಿ, ಆಲೂಗಡ್ಡೆ, ಸುವರ್ಣಗೆಡ್ಡೆ, ಕುಂಬಳಕಾಯಿ ಚಾಕುವಿನವೇ. ಕೋಸಂಬರಿಯ ಸೌತೆಕಾಯಿಯನ್ನು ಈಳಿಗೆಯಲ್ಲಿ ಕೊಚ್ಚಿದ ಹದ ಚಾಕುವಿಗೂ ಬರುವುದಿಲ್ಲ, ಕತ್ತರಿಗಂತೂ ಸಾಧ್ಯವೇ ಇಲ್ಲ. ಆದರೆ ಎಲೆ, ಕಾಂಡ, ನಾರು, ಸಿಪ್ಪೆ, ಚರ್ಮ, ಪೊರೆ, ಅಂಟು, ಅಂದರೆ ತೆಳುವಾದದ್ದು, ಬಾಗುವಂಥದ್ದು, ಜಾರುವಂಥದ್ದು ನಮ್ಮ ಅಡುಗೆಯಲ್ಲಿ ಎಷ್ಟು ಪಾಲು ಎಂದು ಸೊಪ್ಪುಪ್ರಿಯ ಸೀಮೆಯವರಿಗೆ ನಾನು ಹೇಳಬೇಕಿಲ್ಲ.

ಇದಕ್ಕೆಲ್ಲ ಬೇಕಾದದ್ದು ಒಳ್ಳೆಯ ಕತ್ತರಿ. ಆ 'ಒಳ್ಳೆಯ' ಎಂಬ ಮಾತಿಗೆ ಅರ್ಥವಿದೆ. ಕತ್ತರಿಯನ್ನು ಮುಚ್ಚಿ ಬೆಳಕಿಗೆ ಹಿಡಿದು ನೋಡಿ. ಎರಡು ಅಲಗುಗಳು ತಿರುಗುಮೊಳೆಯ ಬಳಿ ಮತ್ತು ತುದಿಯಲ್ಲಿ ಮಾತ್ರ ತಾಗಿ, ನಡುವೆ ಕೂದಲೆಳೆಯಷ್ಟು ಬೆಳಕು ಕಾಣಬೇಕು. ಅಲಗುಗಳನ್ನು ಬೇಕೆಂದೇ ಬಿಲ್ಲಿನಂತೆ ತುಸು ಬಾಗಿಸಿರುತ್ತಾರೆ. ಹಾಗಾಗಿ ಯಾವ ಕ್ಷಣದಲ್ಲೂ ಅವು ಒಂದೇ ಒಂದು ಬಿಂದುವಿನಲ್ಲಿ ಒತ್ತಿಕೊಳ್ಳುತ್ತವೆ, ಆ ಬಿಂದು ಬುಡದಿಂದ ತುದಿಗೆ ಓಡುತ್ತದೆ. ಆ ಬಾಗು ಇಲ್ಲದ ಕತ್ತರಿಯಲ್ಲಿ ಸೊಪ್ಪು ಅಲಗುಗಳ ನಡುವೆ ಮಡಚಿಕೊಂಡು ಸಿಕ್ಕಿಕೊಳ್ಳುತ್ತದೆ. ಅಂಗಡಿಯಲ್ಲಿ ಒಂದು ಒದ್ದೆ ಬಟ್ಟೆಯ ಅಂಚನ್ನು ತುದಿಯಿಂದ ಕತ್ತರಿಸಿ ನೋಡಿದರೆ ಸಾಕು, ಗೊತ್ತಾಗಿಬಿಡುತ್ತದೆ.

ಹಿಡಿ ಉದ್ದ, ಅಲಗು ಗಿಡ್ಡ ಇರಬೇಕು. ಇದು ಶಾಲೆಯಲ್ಲಿ ಕಲಿತ ಸನ್ನೆಗೋಲಿನ ಲೆಕ್ಕ. ಮೊಳೆಯಿಂದ 10 ಸೆಂಟಿಮೀಟರ್ ದೂರದಲ್ಲಿ ಕೈ ಅದುಮುತ್ತಿದ್ದು, ದಂಟಿನ ಬುಡವನ್ನು ಮೊಳೆಯಿಂದ 2 ಸೆಂಟಿಮೀಟರ್ ದೂರಕ್ಕೆ ತಂದರೆ ಕೈಯ ಬಲ ಐದು ಪಟ್ಟಾಗುತ್ತದೆ. ನೋಯುವ ಕೈಗೆ ಈ ಐದು ಪಟ್ಟು ಎಷ್ಟು ದೊಡ್ಡದೆಂದು ನಾನು ಕಣ್ಣಾರೆ ಕಂಡಿದ್ದೇನೆ. ಬಟ್ಟೆಯ ಕತ್ತರಿಯಲ್ಲಿ ಉದ್ದದ ಅಲಗು ಬೇಕು, ಅಲ್ಲಿ ನೇರ ಗೆರೆ ಮುಖ್ಯ. ಇಲ್ಲಿ ಬಲ ಮುಖ್ಯ. ಹಿಡಿಯ ಆಕಾರವೂ ಅಷ್ಟೇ ಮುಖ್ಯ. ಫಿನ್ಲೆಂಡಿನ ಫಿಸ್ಕಾರ್ಸ್ 1967ರಲ್ಲಿ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಹಿಡಿಯ ಕತ್ತರಿ ತಂದಾಗ ಬದಲಾದದ್ದು ಬಣ್ಣವಷ್ಟೇ ಅಲ್ಲ. ಅದುವರೆಗಿನ ಭಾರದ ಲೋಹದ ಬಳೆಗಳ ಜಾಗದಲ್ಲಿ ಬೆರಳಿನ ಆಕಾರಕ್ಕೆ ಒಗ್ಗುವ ಹಗುರ ಹಿಡಿ ಬಂತು.

ಎಡಗೈ ರೂಢಿಯವರಿಗೆ ಬೇರೆ ಕತ್ತರಿಯೇ ಬೇಕು. ಬಲಗೈಯಲ್ಲಿ ಹಿಡಿದಾಗ ಹೆಬ್ಬೆರಳು ಹೊರಕ್ಕೆ ತಳ್ಳುತ್ತದೆ, ಉಳಿದ ಬೆರಳುಗಳು ಒಳಕ್ಕೆ ಎಳೆಯುತ್ತವೆ. ಆ ಒತ್ತಡ ಅಲಗುಗಳನ್ನು ಒಂದಕ್ಕೊಂದು ಅಂಟಿಸುತ್ತದೆ. ಅದೇ ಕತ್ತರಿ ಎಡಗೈಗೆ ಬಂದರೆ ಆ ಒತ್ತಡವೇ ಅಲಗುಗಳನ್ನು ಅಗಲಿಸುತ್ತದೆ. ಒಂಬತ್ತು ವರ್ಷದ ನನ್ನ ಮಗಳು ಎಡಚಿ. ಶಾಲೆಯ ಕತ್ತರಿಯಲ್ಲಿ ಅವಳು ಕಾಗದ ಕತ್ತರಿಸಿದರೆ ಅದು ಮಡಚಿಕೊಳ್ಳುತ್ತಿತ್ತು, "ನಿನಗೆ ಬರಲ್ಲ" ಎಂದು ಅವಳಿಗೆ ಹೇಳಲಾಗಿತ್ತು. ಬರದಿದ್ದದ್ದು ಕತ್ತರಿಗೆ. ಎಡಗೈಯದೇ ಒಂದು ತಂದುಕೊಟ್ಟ ದಿನ ಅವಳು ಒಂದು ಕಂತೆ ಕೊತ್ತಂಬರಿ ಪೂರ್ತಿ ಕತ್ತರಿಸಿದಳು.

ಇನ್ನೊಂದು ಗುಣವನ್ನು ನಾನು ಯಾವ ಕಾರಣಕ್ಕೂ ಬಿಟ್ಟುಕೊಡುವುದಿಲ್ಲ: ಅಗಲ ತೆರೆದರೆ ಎರಡು ಅಲಗು ಪೂರ್ತಿ ಬೇರೆಯಾಗಬೇಕು. ತಿರುಗುಮೊಳೆಯ ಸಂದಿನಲ್ಲಿ ಸಿಕ್ಕ ಮೀನಿನ ಪೊರೆ, ಹಸಿ ಕೋಳಿಯ ರಸ ಅಲ್ಲೇ ಕೊಳೆತು, ಮಾರನೆಯ ದಿನ ಕೊತ್ತಂಬರಿಗೆ ಹತ್ತಿದರೆ ಹೊಟ್ಟೆ ಕೆಡಬಹುದು. ಬಿಡಿಸಿ ಸೋಪಿನಲ್ಲಿ ತೊಳೆದು ಒರೆಸಿಡಬೇಕು. ಮಾಂಸಕ್ಕೆ ಒಂದು, ಸೊಪ್ಪಿಗೆ ಒಂದು ಇಟ್ಟುಕೊಂಡರೆ ಮಡಿ ಮೈಲಿಗೆಯ ಪ್ರಶ್ನೆಯೂ ಬರುವುದಿಲ್ಲ, ರೋಗದ ಭಯವೂ ಕಡಿಮೆ. ತುಕ್ಕು ಹಿಡಿಯದ ಉಕ್ಕೆಂದರೂ ಹುಣಸೆ ರಸ, ನಿಂಬೆ, ಉಪ್ಪಿನಲ್ಲಿ ರಾತ್ರಿಯಿಡೀ ಬಿದ್ದರೆ ಅಲಗಿನ ಮೇಲೆ ಚುಕ್ಕೆ ಬೀಳುತ್ತದೆ.

ಅಗ್ಗದ ಕತ್ತರಿ ಆಗದೇ ಎಂದು ಕೇಳುವವರಿದ್ದಾರೆ. ಆಗುತ್ತದೆ, ಮೂರು ತಿಂಗಳು. ಮೊಳೆಯನ್ನು ಬಡಿದು ಮುಚ್ಚಿಬಿಟ್ಟಿರುವುದರಿಂದ ಸಡಿಲವಾದ ಮೇಲೆ ಬಿಗಿ ಮಾಡಲಾಗದು, ಎಸೆಯಬೇಕು. ಮೀರತ್ ಊರಿನ ಕತ್ತರಿ ಕುಶಲಕರ್ಮಿಗಳು ಮುನ್ನೂರಕ್ಕೂ ಹೆಚ್ಚು ವರ್ಷಗಳಿಂದ ಇದಕ್ಕೆ ತದ್ವಿರುದ್ಧ ಹಾದಿಯಲ್ಲಿದ್ದಾರೆ. ಹಳೆಯ ಬಸ್ಸು ಲಾರಿಗಳ ಸ್ಪ್ರಿಂಗು ಪಟ್ಟಿಗಳನ್ನು ಕಾಯಿಸಿ ಬಡಿದು ಅಲಗು ಮಾಡುತ್ತಾರೆ, ಗುಜರಿ ಲೋಹ ಕರಗಿಸಿ ಹಿಡಿ ಎರೆಯುತ್ತಾರೆ. ತಾತ ಕೊಂಡದ್ದನ್ನು ಮೊಮ್ಮಗ ಬಳಸುತ್ತಾನೆ ಎಂಬುದು ಅಲ್ಲಿನ ಕತ್ತರಿಯ ಬಗ್ಗೆ ಇರುವ ಮಾತು. ನಮ್ಮ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಸಿಕ್ಕ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ 2013ರಲ್ಲಿ ಆ ಕತ್ತರಿಗೂ ಸಿಕ್ಕಿತು. ಅವು ಹೆಚ್ಚಾಗಿ ಬಟ್ಟೆಯ ಕತ್ತರಿಗಳು. ಆದರೂ ಅಡುಗೆಮನೆಯ ಕತ್ತರಿಗೆ ನಾವು ಕೇಳಬೇಕಾದ ಗುಣ ಅದೇ: ಬಿಚ್ಚಲು ಬರಬೇಕು, ಬಿಗಿಯಲು ಬರಬೇಕು, ಸಾಣೆಗೆ ಕೊಡಲು ಬರಬೇಕು. ಹೊಸ ಮಿಕ್ಸಿ ಜಾರಿಗೆ ಕೊಡುವಷ್ಟು ಹಣಕ್ಕೆ ಅಂಥದ್ದು ಸಿಗುತ್ತದೆ.

ನಮ್ಮ ಬೀದಿಗೆ ಎರಡು ಮೂರು ತಿಂಗಳಿಗೊಮ್ಮೆ ಸೈಕಲ್ಲಿಗೆ ಚಕ್ರ ಕಟ್ಟಿಕೊಂಡು ಸಾಣೆಯವರು ಬರುತ್ತಾರೆ. ಸ್ಟ್ಯಾಂಡ್ ಹಾಕಿ ಪೆಡಲು ತುಳಿದರೆ ಸಾಣೆಕಲ್ಲು ತಿರುಗುತ್ತದೆ. ಮೊದಲ ಸಲ ಕೊಟ್ಟಾಗ ಅವರು ಕತ್ತರಿಯನ್ನು ತೆರೆದು, ಹಲ್ಲಿರುವ ಅಲಗನ್ನು ಪಕ್ಕಕ್ಕಿಟ್ಟರು. ಅದಕ್ಕೆ ಕಲ್ಲು ಮುಟ್ಟಿಸಿದರೆ ಹಲ್ಲು ಸವೆದುಹೋಗುತ್ತದಂತೆ. ನಯವಾದ ಅಲಗಿನ ಹೊರಗಿನ ಇಳಿಜಾರನ್ನಷ್ಟೇ ಕಲ್ಲಿಗೆ ಹಿಡಿದು, "ಒಳಮೈ ಮುಟ್ಟಬಾರ್ದು ಸಾರ್, ಮುಟ್ಟಿದ್ರೆ ಕತ್ರಿ ಸತ್ತೋಯ್ತು" ಎಂದರು. ಒಳಮೈಯ ಆ ಬಾಗೇ ಕತ್ತರಿಯ ಜೀವ ಎಂಬುದು ಅವರಿಗೆ ಕೈಯಿಂದ ಗೊತ್ತಿತ್ತು. ಈಳಿಗೆ, ಕುಡುಗೋಲು, ಮಚ್ಚಿಗೆ ಸಾಣೆ ಹಿಡಿಯುತ್ತಿದ್ದ ಮನೆತನದವರು. ಈಳಿಗೆ ಈಗ ಯಾರೂ ತರುವುದಿಲ್ಲ, ಮೊಂಡಾದ ಕತ್ತರಿಯನ್ನು ಜನ ಎಸೆದುಬಿಡುತ್ತಾರೆ ಎಂದು ಅವರು ಹೇಳಿದ್ದು ನನ್ನನ್ನು ಬಹಳ ದಿನ ಕಾಡಿತು.

ಚಾಕುವಿನ ಕೌಶಲ ದೊಡ್ಡದು, ಕತ್ತರಿ ಅದನ್ನು ಅಳಿಸುತ್ತದೆ ಎಂಬ ಆಕ್ಷೇಪವನ್ನು ನಾನು ಹಗುರವಾಗಿ ನೋಡುವುದಿಲ್ಲ. ಆದರೆ ಆ ಕೌಶಲದ ಹೆಸರಿನಲ್ಲಿ ಅಡುಗೆಮನೆಯಿಂದ ಹೊರಗುಳಿದವರು ಯಾರು ಎಂದು ಕೇಳಿಕೊಳ್ಳಬೇಕು. ಚಾಕು ಮುಟ್ಟಬೇಡ ಎಂದು ಗದರಿಸಿಕೊಂಡ ಮಕ್ಕಳು, ಕೈ ನಡುಗುವ ಹಿರಿಯರು, ಪಾರ್ಶ್ವವಾಯುವಾಗಿ ಹಿಡಿತ ಕಳೆದುಕೊಂಡವರು, ನನಗೆ ಹೆಚ್ಚಲು ಬರುವುದಿಲ್ಲ ಎಂಬ ಒಂದೇ ಮಾತಿನಿಂದ ಪಾರಾದ ನನ್ನಂಥ ಗಂಡಸರು. ಇವರೆಲ್ಲರ ಪಾಲಿನ ಕೆಲಸ ಬಿದ್ದದ್ದು ಒಂದೇ ಜೋಡಿ ಕೈಗಳ ಮೇಲೆ, ಆ ಕೈಗಳ ಹೆಬ್ಬೆರಳ ಸಂದು ಸವೆಯುವ ತನಕ. ಹತ್ತು ನಿಮಿಷದಲ್ಲಿ ಕಲಿಯಬಹುದಾದ ಸಾಧನವೊಂದು ಕಟ್ಟೆಯ ಮೇಲಿದ್ದರೆ ಆ ನೆಪ ಉಳಿಯುವುದಿಲ್ಲ. ಈಗ ನಮ್ಮಲ್ಲಿ ಮೆಣಸಿನಕಾಯಿಯೂ ಮೀನೂ ನನ್ನವು, ಕೊತ್ತಂಬರಿ, ಹುರುಳಿಕಾಯಿ ಮಗಳವು. ದಂಟನ್ನು ಅಮ್ಮ ಯಾರಿಗೂ ಬಿಟ್ಟುಕೊಡುವುದಿಲ್ಲ.

ಎರಡೂ ಕತ್ತರಿಗಳು ಕಿಟಕಿಯ ಪಕ್ಕ, ಎರಡು ಮೊಳೆಗಳಲ್ಲಿ ತೂಗುತ್ತವೆ. ಕಳೆದ ವಾರ ಶಾಲೆಯ ಪ್ರಾಜೆಕ್ಟಿಗೆ ಚಾರ್ಟು ಕತ್ತರಿಸಬೇಕೆಂದು ಮಗಳು ಬಂದು ಎಡಗಡೆಯ ಕತ್ತರಿಗೆ ಕೈ ಹಾಕಿದಳು. ಅದು ಅವಳದೇ. ಒಗ್ಗರಣೆಗೆ ಸಾಸಿವೆ ಹಾಕುತ್ತಿದ್ದ ಅಮ್ಮ ತಿರುಗಿಯೂ ನೋಡದೆ, "ಅದು ಅಡುಗೆಮನೆದು ಕಣೆ, ಮುಟ್ಬೇಡ" ಅಂದಳು.